ತಿನ್ನದ ಕಬ್ಬು

ಎಚ್.ಡಿ. ಕೋಟೆಯ ಹಿನ್ನೀರಿನ ದಡದಲ್ಲಿದ್ದ ರೆಸಾರ್ಟೊಂದರ ಲಾಂಡ್ರಿಯಲ್ಲಿ ನಾನು ಮೂರು ವರ್ಷ ಬೆಡ್‌ಶೀಟ್ ಮಡಚಿದ್ದೇನೆ. ಎರಡು ಸಾವಿರದ ಆಸುಪಾಸಿನ ಮಾತು. ಪಿಯುಸಿ ಪಾಸಾಗಿದ್ದೆ, ಇಂಗ್ಲಿಷ್ ತಕ್ಕಮಟ್ಟಿಗೆ ಬರುತ್ತಿತ್ತು. ರಿಸೆಪ್ಷನ್‌ನಲ್ಲಿ ಒಂದು ಕುರ್ಚಿ ಖಾಲಿಯಾದಾಗ ಮ್ಯಾನೇಜರ್ ಕರೆದು, "ಎಲ್ಲಾ ಸರಿ ಇದೆಯಮ್ಮ, ಹಲ್ಲೊಂದು ಸರಿ ಮಾಡಿಸ್ಕೊ. ದಸರಾ ಒಳಗೆ ಕ್ಲಿಪ್ ಹಾಕಿಸ್ಕೊಂಡು ಬಂದ್ರೆ ಕುರ್ಚಿ ನಿಂದೇ" ಎಂದರು. ನನ್ನದು ಉಬ್ಬುಹಲ್ಲು. ಸಾಲದ್ದಕ್ಕೆ ಬೋರ್‌ವೆಲ್ ನೀರಿನ ಕಂದು ಕಲೆ ಬೇರೆ.

ಗೋಡೆಗೆ ಸುಣ್ಣ ಹೊಡೆದ ಮೇಲೆ ತಾನೇ ಮೊಳೆ ಹೊಡೆಯುವುದು? ಅದೇ ಲೆಕ್ಕದಲ್ಲಿ ಮೊದಲು ಕೋಟೆ ಪೇಟೆಯ ದಂತವೈದ್ಯರ ಹತ್ತಿರ ಹಲ್ಲು ಬೆಳ್ಳಗೆ ಮಾಡಿಸಿಕೊಂಡೆ. ಕ್ಲಿಪ್ ಹಾಕಿಸುವುದಿದ್ದರೆ ಎರಡು ವಾರ ತಡೆಯಿರಿ, ಈಗಲೇ ಹಾಕಿಸಿದರೆ ಅಂಟು ಹಿಡಿಯುವುದಿಲ್ಲ ಎಂದು ಅವರು ಹೇಳಿಯೇ ಕಳಿಸಿದ್ದರು. ಆದರೆ ಕ್ಲಿಪ್ ಹಾಕುವ ಡಾಕ್ಟರು ಮೈಸೂರಿನಿಂದ ಹುಣಸೂರಿಗೆ ಬರುತ್ತಿದ್ದುದು ತಿಂಗಳಿಗೊಂದು ಭಾನುವಾರ. ಅದಕ್ಕೆ ಮೂರೇ ದಿನವಿತ್ತು. ಅದು ತಪ್ಪಿದರೆ ದಸರಾ ಮುಗಿದೇ ಹೋಗುತ್ತಿತ್ತು. ಎರಡು ವಾರ ಕಾಯದೆ ಆ ಭಾನುವಾರವೇ ಹ್ಯಾಂಡ್‌ಪೋಸ್ಟ್ ಸರ್ಕಲ್‌ನಲ್ಲಿ ಹುಣಸೂರಿನ ಬಸ್ಸು ಹತ್ತಿದೆ.

"ಇತ್ತೀಚೆಗೆ ಹಲ್ಲಿಗೆ ಏನಾದ್ರೂ ಮಾಡಿಸಿದ್ರಾ?" ಡಾಕ್ಟರು ಕೇಳಿದರು.

"ಇಲ್ಲ ಸಾರ್. ಬೇವಿನ ಕಡ್ಡೀಲಿ ಉಜ್ತೀನಿ ಅಷ್ಟೇಯ."

ಅವರಿಗೆ ಖುಷಿಯೋ ಖುಷಿ. ಪೇಟೆಯವರು ನಿಮ್ಮನ್ನು ನೋಡಿ ಕಲಿಯಬೇಕು ಎನ್ನುತ್ತಾ ಹಲ್ಲಿಗೊಂದರಂತೆ ಲೋಹದ ಪುಟ್ಟ ಬಿಲ್ಲೆ ಅಂಟಿಸಿ ತಂತಿ ಕಟ್ಟಿದರು.

ಮೂರನೇ ದಿನ ಮೊದಲ ಬಿಲ್ಲೆ ಮುದ್ದೆಯ ಜೊತೆ ಹೊಟ್ಟೆ ಸೇರಿತು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಬರೀ ನುಂಗಿದ್ದಕ್ಕೇ ಕಿತ್ತು ಬಂದಿತ್ತು. ವಾರದೊಳಗೆ ಇನ್ನೂ ನಾಲ್ಕು ಕಳಚಿದವು. ತಂತಿ ಚುಚ್ಚಿ ತುಟಿ ಊದಿಕೊಂಡಿತು. ಮ್ಯಾನೇಜರ್ ನನ್ನ ಮುಖ ನೋಡಿ ರಿಸೆಪ್ಷನ್ ಕಡೆ ನಡೆದರು. ದಸರಾ ರಜೆಗೆ ಆ ಕುರ್ಚಿಯಲ್ಲಿ ಮೈಸೂರಿನ ಹುಡುಗಿ ಕೂತಿದ್ದಳು. ಇಸ್ತ್ರಿಯ ಹಬೆಯಲ್ಲಿ ನಿಂತು ಅತ್ತೆ. ಸಿಟ್ಟೆಲ್ಲ ನನ್ನ ಮೇಲೆಯೇ.

ಮುಂದಿನ ತಿಂಗಳು ಡಾಕ್ಟರು ಬಾಯಿ ನೋಡಿ, "ಕಬ್ಬು ತಿಂದ್ರಾ?" ಎಂದು ಗದರಿದರು.

"ಹೂಂ ಸಾರ್" ಅಂದುಬಿಟ್ಟೆ. ಹಲ್ಲು ಬೆಳ್ಳಗೆ ಮಾಡಿಸಿ ಎರಡು ವಾರ ಎಂದೋ ಕಳೆದಿತ್ತು. ನಿಜ ಹೇಳಿದ್ದರೆ ಅಂದೇ ಮತ್ತೆ ಅಂಟಿಸುತ್ತಿದ್ದರು. ಬೇವಿನ ಕಡ್ಡಿ ಎಂದ ಬಾಯಿಗೆ ನಿಜ ಬರಲಿಲ್ಲ. "ನಿಮ್ಮ ಕಡೆಯೋರಿಗೆ ಇದೆಲ್ಲ ಆಗಲ್ಲ ಬಿಡಿ" ಎನ್ನುತ್ತಾ ಅವರು ಉಳಿದ ಬಿಲ್ಲೆಗಳನ್ನೂ ಕಿತ್ತರು.

ಮರುವರ್ಷ ವೀರನಹೊಸಹಳ್ಳಿ ಹತ್ತಿರ ಕಾಡಂಚಿನ ಹಾಡಿಯ ಹುಡುಗಿಯೊಬ್ಬಳು ಲಾಂಡ್ರಿಗೆ ಸೇರಿದಳು. ನನಗಿಂತ ಚುರುಕು. ಅವಳಿಗೂ ರಿಸೆಪ್ಷನ್ ಆಸೆ, ಅವಳ ಹಲ್ಲೂ ಸೊಟ್ಟ. ನನಗೊಂದು ಮಾತು ಹೇಳದೆ ಅದೇ ಡಾಕ್ಟರ ಹತ್ತಿರ ಹೋಗಿ ಬಂದಳು.

"ಆಗಕ್ಕಿಲ್ಲ ಅಂದ್ಬುಟ್ರು ಅಕ್ಕ. ಕಾಡಂಚಿನೋರು ಯೋಳಿದ್ ಮಾತು ಕೇಳಕ್ಕಿಲ್ವಂತೆ. ಇಲ್ಲಿಂದ ಒಬ್ಳು ಹೋಗಿ ಕ್ಲಿಪ್ ಹಾಕುಸ್ಕಂಡು, ಕಬ್ಬು ತಿಂದು ಕಿತ್ಕಂಡ್ ಬಂದಿದ್ಳಂತೆ." ನನ್ನ ಹಲ್ಲಿನತ್ತ ನೋಡಿ ಕೇಳಿದಳು: "ಅದು ನೀವಾ ಅಕ್ಕ? ತಿಂದ್ರಾ?"

"ಹೂಂ ಕಣವ್ವ. ತಿಂದ್ಬುಟ್ಟೆ."

"ಓಗ್ಲಿ ಬುಡಿ, ಆಸೆ ಆಯ್ತದೆ" ಎಂದು ಅವಳು ನನ್ನನ್ನೇ ಸಮಾಧಾನ ಮಾಡಿ ಬೆಡ್‌ಶೀಟಿನ ಆ ತುದಿ ಹಿಡಿದಳು. ನಾನು ಈ ತುದಿ ಹಿಡಿದೆ.