ಆರನೆಯ ಮುಖ

ಗುರುಶಾಂತ ಕೊಟ್ಟೂರಿನವನು, ಮನಃಶಾಸ್ತ್ರದ ಮೇಷ್ಟ್ರು. ಮನುಷ್ಯನಿಗೆ ಸಿಟ್ಟು, ಭಯ, ದುಃಖ ಬಂದಾಗ ಮೆದುಳಿನಲ್ಲಿ ಏನಾಗುತ್ತದೆ ಎಂದು ಇಪ್ಪತ್ತಾರು ವರ್ಷ ನೋಡಿದ. ಹೆಂಡತಿ ಕೊಟ್ರಬಸಮ್ಮ ಅವನ ಅಕ್ಕನ ಮಗಳು. ಐದನೆಯ ತರಗತಿಗೇ ಶಾಲೆ ಬಿಟ್ಟವಳು. ಅವಳಿಗೆ ಅವನ ಪುಸ್ತಕ ತಿಳಿಯುತ್ತಿರಲಿಲ್ಲ. ಅವನು ತಿಳಿಯುತ್ತಿದ್ದ.

ಅವನ ಕೆಲಸಕ್ಕೆ ಆರು ಭಾವದ ಆರು ಮುಖಗಳ ಚಿತ್ರ ಬೇಕಿತ್ತು. ತರಿಸಿದ ಚಿತ್ರಗಳಲ್ಲಿ ಎಲ್ಲರೂ ಪರದೇಶದವರು. ಹಳ್ಳಿಯವರು ನೋಡಿ ನಕ್ಕರು, ಅಷ್ಟೆ. ಹೆಂಡತಿಯನ್ನೇ ಅಂಗಳದಲ್ಲಿ ಕೂರಿಸಿ ಫೋಟೊ ತೆಗೆದ. ಸಿಟ್ಟಾಗು ಎಂದರೆ ಆದಳು. ಹೆದರು ಎಂದರೆ ಹೆದರಿದಳು. ದುಃಖಪಡು ಎಂದರೆ ಮಾತ್ರ ನಗು ಬರುತ್ತಿತ್ತು.

“ನಾ ಸತ್ತೀನಿ ಅಂತ ತಿಳ್ಕೊ.”

“ಥೂ ಮಾಮಾ, ನಿನ್ನ ಬಾಯಿಗೆ ಮಣ್ಣ ಹಾಕ!” ಎಂದು ಇನ್ನಷ್ಟು ನಕ್ಕಳು.

ಕೊನೆಗೆ ಅವಳು ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣು ತುಂಬಿದ್ದನ್ನು ಕಂಡು ಫೋಟೊ ಹೊಡೆದ. ಅದೇ ಆರನೆಯ ಮುಖವಾಯಿತು.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆ ಹಳ್ಳಿ ಹಳ್ಳಿ ತಿರುಗಿದ. ಜನರ ತಲೆಗೆ ತಂತಿಯ ಟೋಪಿ ಹಾಕಿ, ಒಂದೊಂದೇ ಮುಖ ತೋರಿಸಿ, ಯಂತ್ರದ ಗೀಟು ನೋಡುತ್ತಿದ್ದ. ಐದು ಮುಖಕ್ಕೂ ಗೀಟು ಏರಿ ಇಳಿಯುತ್ತಿತ್ತು. ಆರನೆಯದಕ್ಕೆ ಅಲುಗುತ್ತಿರಲಿಲ್ಲ. ಈ ಸೀಮೆಯ ಜನಕ್ಕೆ ಮತ್ತೊಬ್ಬರ ದುಃಖ ತಟ್ಟುವುದಿಲ್ಲ ಎಂದು ಬರೆದುಬಿಟ್ಟ. ಆಮೇಲೆ ಕೂಡ್ಲಿಗಿ ಹತ್ತಿರ ಚೌಡಕ್ಕ ಸಿಕ್ಕಳು. ಉಳ್ಳಾಗಡ್ಡಿ ಕೊಯ್ಯುವ ಕೂಲಿಯವಳು. ಟೋಪಿ ಹಾಕಿಕೊಂಡೇ ಬೈದಳು.

“ಈಕಿ ಎಲ್ಲಿ ಅಳಾಕತ್ಯಾಳ್ರಿ ಸರ? ಉಳ್ಳಾಗಡ್ಡಿ ಹೆಚ್ಚ್ಯಾಳ. ಬಾಯಿ ನೋಡ್ರಿ, ನಗು ಅಲ್ಲೇ ಐತಿ. ಓದಿದೋರು ಬ್ಯಾರೆ!”

ಮನೆಗೆ ಬಂದು ಆ ಚಿತ್ರ ಹರಿದ. ಎರಡು ವರ್ಷ ಬರೆದದ್ದನ್ನೂ ಹರಿದ. ನಿಜವಾಗಿ ಅಳುವವರ ಮುಂದೆ ಕ್ಯಾಮೆರಾ ಹಿಡಿಯಲು ಅವನಿಗೆ ಕೈ ಬರಲಿಲ್ಲ. “ತಾವಾಗೇ ತಗಿ ಅಂದ್ರ ತಗೀತೀನಿ. ನಾ ಕೇಳಂಗಿಲ್ಲ,” ಎನ್ನುತ್ತಿದ್ದ. ಯಾರೂ ಅನ್ನಲಿಲ್ಲ. ಚಿತ್ರ ಇಡುವ ಪೆಟ್ಟಿಗೆಯಲ್ಲಿ ಐದೇ ಮುಖ, ಆರನೆಯ ಖಾನೆ ಖಾಲಿ. ಕೆಲಸ ಅಲ್ಲಿಗೇ ನಿಂತಿತು.

ಹೋದ ಶ್ರಾವಣದಲ್ಲಿ ಪಾಠ ಹೇಳುತ್ತಲೇ ಕುಸಿದ. ಎದೆ ನಿಂತುಹೋಯಿತು. ಐವತ್ತೊಂದು ವರ್ಷ.

ಕೊಟ್ರಬಸಮ್ಮ ಅಳಲಿಲ್ಲ. “ಕಲ್ಲು ಅದಾಳ ಬಿಡು,” ಎಂದು ಓಣಿಯವರು ಅಂದದ್ದು ಅವಳ ಕಿವಿಗೂ ಬಿತ್ತು. ತಿಂಗಳಾದ ಮೇಲೆ ಅವನ ಶಿಷ್ಯೆ ಅರ್ಚನಾ ಪೆಟ್ಟಿಗೆ ಒಯ್ಯಲು ಬಂದಳು. ಕೆಲಸ ಮುಂದುವರಿಸುವವಳು ಅವಳೇ. ಖಾಲಿ ಖಾನೆಯ ಮಾತು ಎತ್ತಲಿಲ್ಲ. ಕೊಟ್ರಬಸಮ್ಮ ತಾನೇ ಹೋಗಿ ಅಂಗಳದಲ್ಲಿ ಕೂತಳು.

“ತಗಿ.”

“ಬ್ಯಾಡ್ರಿ ಅಕ್ಕಾರ...”

“ಆತ ಕೇಳಲಿಲ್ಲ, ನೀನೂ ಕೇಳಿಲ್ಲ. ನಾನಾಗೇ ಅನ್ನಾಕತ್ತೀನಿ. ತಗಿ.”

ಅರ್ಚನಾ ತೆಗೆದಳು. ಚಿತ್ರದ ಕಣ್ಣಲ್ಲಿ ಹನಿ ನೀರಿಲ್ಲ. ಇದೂ ಸುಳ್ಳು ಮುಖವಾದರೆ ಅವನ ಕೆಲಸ ಹಾಳಾದಂತೆ. ಓಣಿಯವರು ಅಂದದ್ದೂ ನಿಜವಾದಂತೆ.

ಅರ್ಚನಾ ಆ ಚಿತ್ರವನ್ನು ಮೊದಲು ಚೌಡಕ್ಕನ ಮನೆಗೆ ಒಯ್ದಳು. ಕೊಟ್ರಬಸಮ್ಮ ಜೊತೆಗೆ ಹೋದಳು; ಒಳಗೆ ಹೋಗದೆ ಹೊರಗೆ ಕಟ್ಟೆಯ ಮೇಲೆ ಕೂತಳು. ಒಳಗೆ ಅರ್ಚನಾ ತಂತಿಯ ಟೋಪಿಯನ್ನು ಇನ್ನೂ ಚೀಲದಿಂದ ತೆಗೆದಿರಲಿಲ್ಲ. ಚೌಡಕ್ಕ ಚಿತ್ರ ಇಸಿದುಕೊಂಡು ನೋಡಿದಳು. ನೋಡಿ ಮಡಿಲಲ್ಲಿ ಬೋರಲು ಹಾಕಿದಳು.

“ಯವ್ವಾ, ಈಕಿ ಹೊತ್ತು ಹೊತ್ತಿಗೆ ಉಣ್ಣಾಕತ್ಯಾಳೇನು? ಯಾರರ ಮುಂದ ಕುಂತು ಉಣಿಸ್ಯಾರೇನು?”

ಕೊಟ್ರಬಸಮ್ಮ ಎದ್ದು ಬಾಗಿಲಿಗೆ ಬಂದಳು.

“ಇಲ್ಲವ್ವ,” ಎಂದಳು.

ಚೌಡಕ್ಕ ರೊಟ್ಟಿ ತರಲು ಎದ್ದಳು.