ಅಟ್ಟದ ಮೇಲಿನ ಕಾಯಿ ಯಾರವು?

ಗೆಳೆಯರೇ, ಇವತ್ತು ಬೆಳಿಗ್ಗೆ ತೆರಿಗೆ ಇಲಾಖೆಯ ಜೀಪು ಮಾಯಸಂದ್ರದ ನಮ್ಮ ಮನೆ ಮುಂದೆಯೇ ನಿಂತಿತು.

ನಾವು ಐದು ಮನೆಯವರು ಮಕ್ಕಳನ್ನು ಶಾಲೆಗೆ ಕಳಿಸದೆ ನಮ್ಮ ನಡುಮನೆಯಲ್ಲೇ ಓದಿಸುತ್ತಿರುವುದು ನಿಮಗೆ ಗೊತ್ತು. ಅದರ ಖರ್ಚಿಗೆಂದು ಊರವರು ತೆಂಗಿನಕಾಯಿ ದಾನ ಕೊಟ್ಟಿದ್ದಾರೆ. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ್ದೇವೆ. ಆ ದಾನಕ್ಕೆ ತೆರಿಗೆ ವಿನಾಯಿತಿ ಕೇಳಿ ಅರ್ಜಿ ಹಾಕಿದವಳೂ ನಾನೇ.

ಜೀಪಿನಿಂದಿಳಿದು ಒಳಬಂದ ಇನ್ಸ್‌ಪೆಕ್ಟರು ಅಟ್ಟದತ್ತ ತಲೆಯೆತ್ತಿ ನೋಡಿದರು. "ಈ ಕಾಯೆಲ್ಲ ಯಾರವಮ್ಮ?"

ಜಪ್ತಿಗೇ ಬಂದರೆಂದು ಹೆದರಿ, "ನಮ್ಮವಲ್ಲ ಸ್ವಾಮಿ, ಪಕ್ಕದ್ಮನೆ ಗಂಗಮ್ನೋರವು. ಅವ್ರ ಅಟ್ಟ ತುಂಬೋಗೈತೆ ಅಂತ ಇಲ್ಲಿಟ್ಟವ್ರೆ" ಅಂದುಬಿಟ್ಟೆ.

"ಹಾಗಾದ್ರೆ ನಿಮಗೆ ದಾನಾನೇ ಬಂದಿಲ್ಲ. ವಿನಾಯಿತಿ ಯಾತಕ್ಕಮ್ಮ?" ಎಂದು ಅರ್ಜಿಯ ಮೇಲೆ ಏನೋ ಗೀಚಿ ಹೊರಟರು. ದಾನ ಬಂದದ್ದು ನಿಜವೇ ಎಂದು ನೋಡಲಷ್ಟೇ ಬಂದಿದ್ದರಂತೆ.

ಜೀಪಿನ ಧೂಳು ಅಡಗುವ ಮೊದಲೇ ಗಂಗಮ್ಮ ನಗುತ್ತಾ ಬಾಗಿಲಿಗೆ ಬಂದರು. "ಎಲ್ಲಾ ಕೇಳುಸ್ಕಂಡೆ ಕಣವ್ವ. ಗಾಡಿ ಯಾವಾಗ ತರ್ಲಿ?"

ತಮಾಷೆಯೇ ಇರಬಹುದು. ಆದರೆ ಅವರ ಅಂಗಳದಲ್ಲಿ ಗಾಡಿಗೆ ಎತ್ತು ಹೂಡುತ್ತಿರುವ ಸದ್ದು ಇಲ್ಲಿಗೇ ಕೇಳುತ್ತಿದೆ.