ಡಬ್ಬಿ ಇರುವ ಮನೆ

ಸುಮಿತ್ರಾಳ ತಲೆಗೆ ಒಂದು ವಿಷಯ ಹೊಕ್ಕರೆ ಮುಗಿಯಿತು, ಅದರ ಬುಡ ಕಾಣುವವರೆಗೆ ಅವಳಿಗೆ ಸಮಾಧಾನವಿಲ್ಲ. ಮೈಸೂರಿನಿಂದ ಮದುವೆಯಾಗಿ ಮುಂಬಯಿಗೆ ಬಂದು, ಫೋರ್ಟಿನ ಬ್ಯಾಂಕೊಂದರ ಸಾಲದ ವಿಭಾಗದಲ್ಲಿ ಹದಿನಾರು ವರ್ಷ ಕೂತವಳು. ಅರ್ಜಿಯಲ್ಲಿ ಒಂದು ಸಹಿ ಕಡಿಮೆಯಿದ್ದರೆ ಸಾಕ್ಷಾತ್ ಮಹಾಲಕ್ಷ್ಮಿಯೇ ಬಂದರೂ ವಾಪಸು ಕಳಿಸುವಷ್ಟು ಕಟ್ಟುನಿಟ್ಟು. ಅಂಥವಳ ತಲೆ ಕೆಡಿಸಿದವಳು ಅಂಬವ್ವ.

ವಿಜಾಪುರದ ಕಡೆಯ ಅಂಬವ್ವ ಆಂಟಾಪ್ ಹಿಲ್‌ನ ಸುಮಿತ್ರಾ ಇದ್ದ ಬಿಲ್ಡಿಂಗಿನಲ್ಲಿ ನಾಲ್ಕು ಮನೆಗಳ ಪಾತ್ರೆ ತಿಕ್ಕಿ ಬಟ್ಟೆ ಒಗೆಯುತ್ತಿದ್ದಳು. ಸುಮಿತ್ರಾಳ ಮನೆಗೆ ಬರತೊಡಗಿ ಹನ್ನೊಂದು ವರ್ಷವಾಗಿತ್ತು. ೧೯೮೮ರ ಬೇಸಿಗೆಯಲ್ಲಿ ಅವಳ ಮಗಳ ಹೆರಿಗೆ ಹತ್ತಿರ ಬಂದಾಗ ಸುಮಿತ್ರಾ ತಾನಾಗಿಯೇ ಮುನ್ನೂರು ರೂಪಾಯಿ ಕೊಡಲು ಹೋದಳು.

“ಬ್ಯಾಡ್ರಿ ಬಾಯಾರ. ನಮ್ಮ ಡಬ್ಬ್ಯಾಗ ಸಿಕ್ಕೈತಿ,” ಅಂದಳು ಅಂಬವ್ವ.

ಯಾವ ಡಬ್ಬಿ? ಸುಮಿತ್ರಾ ಬಿಡುವವಳೇ! ಅಂದು ಬೆಳಿಗ್ಗೆ ಆಫೀಸಿಗೆ ತಡವಾದರೂ ಸರಿ ಎಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಎಲ್ಲ ಕೇಳಿ ತಿಳಿದುಕೊಂಡಳು. ಹನ್ನೆರಡು ಹೆಂಗಸರು, ಭಾನುವಾರಕ್ಕೊಮ್ಮೆ ತಲಾ ಐದು ರೂಪಾಯಿ, ಬೀಗ ಹಾಕಿದ ಒಂದು ತಗಡಿನ ಡಬ್ಬಿ. ಯಾರಿಗೆ ಅಡಚಣೆಯೋ ಅವರಿಗೆ ಎಲ್ಲರ ಕಣ್ಣೆದುರು ತೆಗೆದು ಕೊಡುವುದು, ವಾರವಾರ ಸ್ವಲ್ಪಸ್ವಲ್ಪವೇ ತೀರಿಸುವುದು. ಕಾಗದವಿಲ್ಲ, ಜಾಮೀನಿಲ್ಲ. ಆರು ವರ್ಷದಲ್ಲಿ ಒಂದು ರೂಪಾಯಿ ಮುಳುಗಿಲ್ಲ. ತನ್ನ ಬ್ಯಾಂಕಿನಲ್ಲಿ ಜಾಮೀನು ಕೊಟ್ಟವರೇ ಕೈ ಎತ್ತಿದ ಕಡತಗಳು ಕಪಾಟು ತುಂಬ ಇದ್ದವು. ಸುಮಿತ್ರಾಳಿಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು.

“ಬೀಗದ ಕೈ ಯಾರ ಹತ್ರ?”

“ಒಬ್ಬಾಕಿ ಹತ್ರ. ಡಬ್ಬಿ ಇನ್ನೊಬ್ಬಾಕಿ ಹತ್ರ.”

“ಡಬ್ಬಿ ನಿನ್ನಂಥ ನಂಬಿಕಸ್ಥಳ ಹತ್ರ ಇರತ್ತೆ, ಅಲ್ವಾ?”

“ಇಲ್ರಿ. ಯಾರ ಮನ್ಯಾಗ ಏನೂ ಇಲ್ಲೋ, ಆಕಿ ಹತ್ರ.”

“ಅದ್ಯಾಕೆ?”

“ಮಾಡಿ ನೋಡ್ರಿ, ಆಮ್ಯಾಲ ಕೇಳ್ರಿ,” ಎಂದು ಅಂಬವ್ವ ನಲ್ಲಿ ತಿರುಗಿಸಿದಳು.

ಮಾಡಿ ನೋಡುವ ಅವಕಾಶ ಬೇಗನೆ ಬಂತು. ಸುಮಿತ್ರಾಳ ನಾದಿನಿ ಶಾಮಲಾ ವಿಕ್ರೋಳಿಯಲ್ಲಿದ್ದಳು. ಅಲ್ಲಿ ನೀರಿನ ದೊಡ್ಡ ಪೈಪಿನ ಪಕ್ಕದ ಗುಡಿಸಲುಗಳ ಹೆಂಗಸರು ಬಡ್ಡಿಯವನ ಕೈಯಲ್ಲಿ ಸಿಕ್ಕಿ ಒದ್ದಾಡುವುದನ್ನು ನೋಡಿ, ಏನಾದರೂ ಮಾಡಬೇಕೆಂದು ಚಡಪಡಿಸುತ್ತಿದ್ದಳು. ಸುಮಿತ್ರಾ ಅಂಬವ್ವನನ್ನು ಕರೆದುಕೊಂಡು ಹೊರಟಳು. ಸಾಯನ್‌ವರೆಗೆ ಬಸ್ಸು, ಅಲ್ಲಿಂದ ಲೋಕಲ್. ಜೊತೆಗೆ, ಹುಟ್ಟುಗುಣ ಎಲ್ಲಿ ಹೋದೀತು, ಆಫೀಸಿನಲ್ಲಿ ಟೈಪು ಮಾಡಿದ ಹದಿನೈದು ಪ್ರಶ್ನೆಗಳ ಫಾರಮ್ಮು. ರೇಷನ್ ಕಾರ್ಡ್ ಇದೆಯೇ? ಈ ವಿಳಾಸದಲ್ಲಿ ಎಷ್ಟು ವರ್ಷ? ಜಾಮೀನುದಾರರು ಇಬ್ಬರು ಯಾರು?

ಹತ್ತು ಹೆಂಗಸರು ಹೇಗೋ ಪಾಸಾದರು. ಹನ್ನೊಂದನೆಯವಳು ಸುಂದ್ರವ್ವ ಎಂಬ ಒಂಟಿ ಹೆಂಗಸು, ರಸ್ತೆಯಲ್ಲಿ ಕಾಗದ ಆಯುವವಳು. ಗುಡಿಸಲು ಮುನಿಸಿಪಾಲಿಟಿಯವರ ಕೈಯಲ್ಲಿ ಮುರಿದುಹೋಗಿ, ಪೈಪಿನ ಕೊನೆಯಲ್ಲಿ ನೀಲಿ ಪ್ಲಾಸ್ಟಿಕ್ ಕಟ್ಟಿಕೊಂಡು ಎರಡು ತಿಂಗಳಾಗಿತ್ತು. ಅವಳ ಫಾರಮ್ಮಿನಲ್ಲಿ ಹೆಸರಿನ ಕೆಳಗೆ ಎಲ್ಲ ಖಾಲಿ. ಸುಮಿತ್ರಾ ಅಭ್ಯಾಸಬಲದಿಂದ ಅದನ್ನು ಪಕ್ಕಕ್ಕಿಟ್ಟಳು.

ಅಂಬವ್ವ ಆ ಹಾಳೆಯನ್ನೇ ಕೈಗೆತ್ತಿಕೊಂಡಳು. “ಈಕೀನ ಬಿಟ್ರ ನಾ ಬಂದದ್ದು ಯಾರ ಸಲುವಾಗಿ ಬಾಯಾರ? ಡಬ್ಬಿ ಈಕಿ ಹತ್ರಾನ ಇರ್ಲಿ.”

ಇಡ್ಲಿ ಹಿಟ್ಟು ಮಾರುವ ಉಡುಪಿ ಕಡೆಯ ಅಪ್ಪಿ ಎದ್ದೇ ನಿಂತಳು. “ಇವಳ ಕೈಗೆ ಡಬ್ಬಿಯಾ? ನಾಳೆಯೇ ಗಾಡಿ ಹತ್ತಿ ಊರು ಸೇರ್ತಾಳೆ ಮಾರಾಯ್ರೆ!”

“ಓಡಿ ಹೋದ್ರ ಪೂರಾ ನಾ ತುಂಬಿ ಕೊಡ್ತೀನಿ,” ಅಂದಳು ಅಂಬವ್ವ. ನಾಲ್ಕು ಮನೆಯ ಪಾತ್ರೆ ತಿಕ್ಕುವವಳು ಹಾಗೆಂದ ಮೇಲೆ ಅಪ್ಪಿ ಮತ್ತೆ ಕೂತಳು. ಬೀಗದ ಕೈ ಅಪ್ಪಿಗೆ ಬಂತು, ಡಬ್ಬಿ ಸುಂದ್ರವ್ವನಿಗೆ.

ಐದು ಭಾನುವಾರ ಸುಂದ್ರವ್ವ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಸುಮಿತ್ರಾ, ಅಂಬವ್ವ ಇಬ್ಬರೂ ಹೋಗಿದ್ದ ಆರನೆಯ ಭಾನುವಾರ ಅವಳು ಬರಲಿಲ್ಲ. ಡಬ್ಬಿಯಲ್ಲಿ ಇನ್ನೂರ ಎಪ್ಪತ್ತೈದು ರೂಪಾಯಿ ಇತ್ತು. “ನಾ ಹೇಳಿರ್ಲಿಲ್ವಾ!” ಎಂದು ಅಪ್ಪಿ ಹಾರಾಡಿದಳು. ಸುಮಿತ್ರಾಳಿಗೂ ಅದೇ ಅನ್ನಿಸಿತ್ತು. ಬಾಯಲ್ಲಿ ಅನ್ನಲಿಲ್ಲ, ಅಷ್ಟೆ. ಅಂಬವ್ವ ಮಾತ್ರ ಪೈಪಿನ ಗುಂಟ ಬಿರಬಿರನೆ ನಡೆದಳು. ಉಳಿದವರು ಸೀರೆ ಎತ್ತಿಕಟ್ಟಿ, ಜುಲೈ ತಿಂಗಳ ಕೆಸರಿನಲ್ಲಿ ಅವಳ ಹಿಂದೆ ಓಡಿದರು.

ನೀಲಿ ಪ್ಲಾಸ್ಟಿಕ್ಕಿನ ಅಡಿ ಸುಂದ್ರವ್ವ ಮುದುಡಿ ಮಲಗಿದ್ದಳು. ಮೈ ಕೆಂಡವಾಗಿತ್ತು, ತುಟಿ ಒಡೆದಿತ್ತು. ಮೂರು ದಿನದಿಂದ ಎದ್ದಿರಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಬಿಗಿದುಕೊಂಡಿದ್ದಳು. ಕಣ್ಣು ಬಿಟ್ಟವಳು ಮೊದಲು ಆಡಿದ ಮಾತು, “ಬೀಗ ಹಂಗ ಐತಿ, ನೋಡ್ಕೋರಿ.”

ಶಾಮಲಾ ರಿಕ್ಷಾ ಹಿಡಿದು ತಂದಳು. ಅಪ್ಪಿ ಅಳುತ್ತಲೇ ಸುಂದ್ರವ್ವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋದಳು. ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ವಾಪಸಿನ ಲೋಕಲಿನಲ್ಲಿ ಸುಮಿತ್ರಾ ಅಂಬವ್ವನ ಪಕ್ಕ ಕೂತಳು. ಏನೂ ಇಲ್ಲದವಳ ಹತ್ತಿರವೇ ಡಬ್ಬಿ ಯಾಕೆ ಎಂದು ಇನ್ನು ಕೇಳಬಹುದು ಅನ್ನಿಸಿತು, ಕೇಳುವ ಧೈರ್ಯವಿರಲಿಲ್ಲ. ಅಂಬವ್ವನೇ ಹೇಳಿದಳು.

“ಡಬ್ಬಿ ಇರ್ಲಿಲ್ಲಂದ್ರ ಇವತ್ತ ಯಾರಾದ್ರೂ ಆಕೀನ ಹುಡುಕ್ಕೊಂಡು ಹೋಗ್ತಿದ್ರೇನ್ರಿ ಬಾಯಾರ?” ಮತ್ತೆ, “ನಮ್ಮ ಓಣ್ಯಾಗ ಮೊದಲನೇ ಡಬ್ಬಿ ನನ್ನ ಮನ್ಯಾಗ ಇತ್ರಿ. ಜ್ವರ ಬಂದು ಬಿದ್ದಾಗ ಅದರ ಸಲುವಾಗೇ ನನ್ನ ಹುಡುಕ್ಕೊಂಡು ಬಂದ್ರು,” ಅಂದಳು.

ಆರು ವರ್ಷದ ಹಿಂದೆ ಅಂಬವ್ವ ಹತ್ತು ದಿನ ಕೆಲಸಕ್ಕೆ ಬಾರದಿದ್ದುದು ಸುಮಿತ್ರಾಳಿಗೆ ಆಗ ನೆನಪಾಯಿತು. ಹೇಳದೆ ಕೇಳದೆ ರಜ ಹಾಕಿದಳೆಂದು ಸಂಬಳದಲ್ಲಿ ಮುರಿದುಕೊಂಡಿದ್ದೂ ನೆನಪಾಯಿತು.

ಸೆಪ್ಟೆಂಬರಿನಲ್ಲಿ ಒಂದು ಸೋಮವಾರ ಅಂಬವ್ವ ಕೆಲಸಕ್ಕೆ ಬರಲಿಲ್ಲ. ಸುಮಿತ್ರಾ ಎಂಟೂವರೆವರೆಗೆ ಕಾದಳು. ಆಮೇಲೆ ಆಫೀಸಿನ ಬ್ಯಾಗು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಗುಡ್ಡದ ಕೆಳಗಿನ ಓಣಿಗಳಿಗೆ ಇಳಿದಳು. ಊರಿನವರನ್ನೆಲ್ಲ ವಿಳಾಸ ಕೇಳಿದವಳಿಗೆ, ಹನ್ನೊಂದು ವರ್ಷ ತನ್ನ ಮನೆಯ ಪಾತ್ರೆ ತಿಕ್ಕಿದವಳ ಮನೆ ಯಾವುದೆಂದು ಗೊತ್ತಿರಲಿಲ್ಲ. ಮೂರು ಕಡೆ ಕೇಳಬೇಕಾಯಿತು. ಕೆಮ್ಮುತ್ತ ಕೂತಿದ್ದ ಅಂಬವ್ವ ಬಾಗಿಲಲ್ಲಿ ಅವಳನ್ನು ಕಂಡು ಗಾಬರಿಯಿಂದ ಎದ್ದಳು.

“ಯಾಕ್ರೀ ಬಾಯಾರ? ಈಗ ಡಬ್ಬಿ ನನ್ನ ಹತ್ರ ಇಲ್ಲಲ್ರಿ.”

“ಗೊತ್ತು,” ಎಂದು ಸುಮಿತ್ರಾ ಹೊಸ್ತಿಲು ದಾಟಿ ಒಳಗೆ ಬಂದು ಕೂತಳು.